ಬಾಗಿಲೊಳಗಿನ ಹರಳು

ಕಾರ್ಪಿಯ ನವೆಂಬರಿನಲ್ಲಿ ಮಂಜೆಂದರೆ ಮಂಜು.
ಎದುರಿನ ಬೇಕರಿ ಬರೀ ವಾಸನೆಯಾಗಿ ಉಳಿದಿತ್ತು.
ಆ ಬಿಳುಪಿನಿಂದ ಟ್ರಕ್ಕೊಂದು ಹಿಂದಕ್ಕೆ ಬರುತ್ತ
ಇಳಿಸಿಹೋಯಿತು ಅವನ ಕಾರನ್ನು:
ಸೊಂಟದೆತ್ತರಕ್ಕೂ ಬಾರದ, ಕಿತ್ತಳೆ ಬಣ್ಣದ, ನೆಲಕ್ಕಂಟಿದ ಮೃಗ.
ಬಲಬಾಗಿಲ ಕಿಟಕಿಗೆ ಕಸದ ಚೀಲ, ಅಂಟುಪಟ್ಟಿ.
ಗಾಳಿ ಬಂದಾಗೆಲ್ಲ ಉಸಿರೆಳೆದುಕೊಳ್ಳುತ್ತಿತ್ತು ಚೀಲ.

"ಅಪ್ಪ ಹೊಸದಾಗಿ ಕೊಂಡದ್ದು, ಎಪ್ಪತ್ತಾರರಲ್ಲಿ,"
ಎಂದ ದಂತವೈದ್ಯ ತೆಬಾಲ್ದಿ, ಕೈಗವಸು ತೆಗೆಯದೆ.
"ಒಂದು ಗೀರಿಲ್ಲ, ಒಂದು ತಿರುಪು ಬದಲಾಗಿಲ್ಲ.
ನಿನ್ನೆ ಯಾವನೋ ಪೋಲಿ ಕಲ್ಲೆಸೆದ, ಅಷ್ಟೆ.
ಕೊಳ್ಳುವವನು ಶುಕ್ರವಾರ ಜ್ಯೂರಿಕ್‌ನಿಂದ ಬರುತ್ತಾನೆ, ಓರ್ನೆಲ್ಲಾ."
ನಾನು ಬಾಗಿಲಿನ ಕಡೆ ನೋಡಿದೆ.
ಬಾಗಿಲಿನ ಮಾತನ್ನು ಬಾಗಿಲಿಂದಲೇ ಕೇಳುವ ಕಸುಬು ನಮ್ಮದು.

ಗಾಜಿಗಾಗಿ ಹನ್ನೊಂದು ಫೋನು.
ಅಚ್ಚೇ ಉಳಿದಿಲ್ಲ ಎಂದವು ಮಿಲಾನ್, ಟುರಿನ್.
ಕೊನೆಗೆ ಪಿಯಾಚೆಂಜಾದಲ್ಲೊಬ್ಬ ಮುದುಕ,
ಕೋಳಿಗೂಡಿನ ಪಕ್ಕ ಮೂರು ಸತ್ತ ಕಾರು ಕಟ್ಟಿಕೊಂಡವನು,
ಬೆಲೆ ಹೇಳುವ ಮೊದಲು ಕೆಮ್ಮಿದ.
ಆ ಕೆಮ್ಮಿಗೇ ಇನ್ನೂರು ಯೂರೋ.
ಮಗುವಿನ ಕಂಬಳಿ ಹೊದ್ದು ಬಂತು ಗಾಜು, ಬಸ್ಸಿನ ಹೊಟ್ಟೆಯಲ್ಲಿ.

ಹಿಡಿಕೆಯ ಎರಡು ಸ್ಕ್ರೂ, ತಳದ ಮೂರು,
ಚರ್ಮದ ಹಲಗೆಯ ಕ್ಲಿಪ್ಪುಗಳು ಒಂದೊಂದಾಗಿ
ಟಕ್, ಟಕ್, ಹಳೆಯ ಹಲ್ಲು ಕಿತ್ತ ಹಾಗೆ.
ವೈದ್ಯನಿದ್ದಿದ್ದರೆ ನಗುತ್ತಿದ್ದ.
ಮೇಣದ ಕಾಗದ ಸುಲಿದರೆ ಆಚೆ ಕತ್ತಲು.
ಕತ್ತಲಿಗೆ ಕೈಯಿಟ್ಟೆ, ಮೊಣಕೈಯ ತನಕ;
ಬೆರಳಿಗೆ ಸಿಕ್ಕಿತು ಕಲ್ಲುಪ್ಪಿನ ಗುಡ್ಡೆ.

ಕೊಯ್ಯಬಾರದೆಂದು ಬೆಂಕಿಯಲ್ಲಿ ಹದಗೊಂಡ ಗಾಜು
ಒಂದೇ ಪೆಟ್ಟಿಗೆ ತನ್ನನ್ನು ಲೆಕ್ಕವಿಲ್ಲದಷ್ಟು ಹಂಚಿಬಿಡುತ್ತದೆ.
ಮುಷ್ಟಿ ಮುಷ್ಟಿ ಎತ್ತಿ ತಟ್ಟೆಗೆ ಸುರಿದೆ.
ದೀಪ ಹತ್ತಿರ ತಂದರೆ,
ತಳದ ಗಟ್ಟಿಮೇಣದಲ್ಲಿ ಹೂತು ಏಳೆಂಟು ಹರಳು,
ತೆಳು ಚಹಾದ ಬಣ್ಣ.
ನಿನ್ನೆ ಒಡೆದದ್ದು ಇಷ್ಟು ಬೇಗ ಬೇರು ಬಿಡುವುದಿಲ್ಲ.

ಹಲಗೆ ತಿರುಗಿಸಿದೆ. ಮೂಲೆಯಲ್ಲಿ, ಅಂಟಿನ ಕಲೆಯ ಕೆಳಗೆ
ಬಡಗಿ ಪೆನ್ಸಿಲಿನ ದಪ್ಪ ಅಕ್ಷರ:
ಮಾರ್ಚ್ ೮೧. ರಾತ್ರಿ.
ಎಂಟೆಂದರೆ ಸೊನ್ನೆಯ ಮೇಲೆ ಸೊನ್ನೆ ಪೇರಿಸುವ ಕೈ ಅದು,
ಗ್ವಾಲ್ತಿಯೇರೋನದು. ನನ್ನ ಗುರು. ನಾನು ಕೂತ ಸ್ಟೂಲೂ ಅವನದೇ.
"ಮಾಡಿದ್ದನ್ನು ಹಲಗೆಯ ಬೆನ್ನಿಗೆ ಬರೆ,
ಕಾರಿನವರಿಗಲ್ಲ, ಮುಂದೆ ಕೈ ಹಾಕುವವರಿಗೆ" ಎನ್ನುತ್ತಿದ್ದ.
ರಾತ್ರಿ ಯಾಕೆ? ಬಲಗಡೆ ಯಾರು ಕೂತಿದ್ದರು?
ಹಿರಿಯ ತೆಬಾಲ್ದಿ ಮನೆ ಸೇರಿದ್ದು ಎಷ್ಟು ಹೊತ್ತಿಗೆ?
ಗ್ವಾಲ್ತಿಯೇರೋ ಸತ್ತು ಒಂಬತ್ತು ವರ್ಷ.
ಕುಡಿದಾಗಲೂ ಬಾಯಿಬಿಟ್ಟವನಲ್ಲ.

ಆ ಏಳೆಂಟನ್ನು ನಾನು ಕೀಳಲಿಲ್ಲ.

ಗಾಜು ಇಳಿಸುವುದು ಓರೆಯಾಗಿ, ಹಿಂದಿನ ಮೂಲೆ ಮೊದಲು,
ಸಾಬೂನು ನೀರು ಸವರಿದ ಕಾಲುವೆಗೆ.
ಚೌಕಟ್ಟಿಲ್ಲದ ಕಿಟಕಿ, ತನಗೆ ತಾನೇ ಅಂಚು.
ಕೂದಲೆಳೆಯಷ್ಟು ಒಳಗೆ ವಾಲಿದರೆ ಬಾಗಿಲು ಮುನಿಯುತ್ತದೆ,
ಹೊರಗೆ ವಾಲಿದರೆ ನೂರರ ವೇಗದಲ್ಲಿ ಸಿಳ್ಳೆ.
ಬೇಕರಿಯ ರಶೀದಿಯನ್ನು ರಬ್ಬರಿಗೂ ಗಾಜಿಗೂ ನಡುವೆ ಸಿಕ್ಕಿಸಿ
ಎಳೆದೆ. ಸಡಿಲ. ಬೋಲ್ಟಿಗೆ ಕಾಲು ಸುತ್ತು.
ಎಳೆದೆ. ಹರಿಯಿತು. ಅರೆಕಾಲು ಹಿಂದಕ್ಕೆ.
ಆರನೆಯ ರಶೀದಿ ಹರಿಯದೆ, ಜಾರದೆ,
ನಿದ್ದೆಗೆ ಬಿದ್ದ ಮಗುವಿನ ಬೆರಳಿನ ಹಾಗೆ
ನಿಧಾನ ಬಿಟ್ಟುಕೊಟ್ಟಿತು.

ಮುಚ್ಚುವ ಮೊದಲು ಅವನ ಅಕ್ಷರದ ಕೆಳಗೆ ಬರೆದೆ:
ನವೆಂಬರ್. ಹಗಲು.

ಶುಕ್ರವಾರ ವೈದ್ಯ ಗಾಜು ಇಳಿಸಿದ, ಏರಿಸಿದ.
"ಒಡೆದೇ ಇರಲಿಲ್ಲವೇನೋ ಅನ್ನುವ ಹಾಗಿದೆ!"
"ಹೂಂ," ಎಂದೆ.
ಜ್ಯೂರಿಕ್‌ನವನು ಬಗ್ಗಿ, ನನ್ನನ್ನೇ ಕೇಳಿದ:
"ಎಲ್ಲ ಮೂಲದ್ದೇ ತಾನೆ?"
"ಈ ಗಾಜು ಪಿಯಾಚೆಂಜಾದ್ದು.
ಮಿಕ್ಕಿದ್ದು ಬಾಗಿಲಿಗೆ ಗೊತ್ತು. ಬಿಚ್ಚಿ ಓದಬಹುದು."
ತಮಾಷೆಯೆಂದುಕೊಂಡು ನಕ್ಕ. ವೈದ್ಯ ಕೈಗವಸು ನೋಡಿಕೊಂಡ.

ಬಾಗಿಲು ಹಾಕಿದರು.
ಮೂರು ಸಲ ನಿರ್ವಾತ ಹಿಡಿದು ಗುಡಿಸಿದ್ದೆ,
ಆದರೂ ಒಳಗೆಲ್ಲೋ ಒಂದು ಹರಳು
ಕಿಣ್ ಎಂದು ಉರುಳಿತು.
ಈ ವಾರದ್ದೋ, ಆ ರಾತ್ರಿಯದೋ,
ಸದ್ದಿಗೆ ಬಣ್ಣವಿಲ್ಲ.